ಅಂತರ್ಜಾಲ, ನೆನಪು ಮತ್ತು ಕಲಿಕೆ

ಅಂತರ್ಜಾಲವನ್ನು ನೆಚ್ಚಿಕೊಂಡವರಿಗೆ ವಿಷಯಕ್ಕಿಂತ ವಿಷಯ ಸಿಗುವ ಜಾಗ ಹೆಚ್ಚು ನೆನಪಿರುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು ಇದನ್ನು ಪ್ರಯೋಗಕ್ಕೆ ಒಡ್ಡಿ, 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಉಷ್ಟ್ರಪಕ್ಷಿಯ ಕಣ್ಣು ಅದರ ಮಿದುಳಿಗಿಂತ ದೊಡ್ಡದು ಎಂಬಂಥ 40 ಪುಟ್ಟ ಸಂಗತಿಗಳನ್ನು ಜನರಿಂದ ಟೈಪ್ ಮಾಡಿಸಲಾಯಿತು. ಟೈಪ್ ಮಾಡಿದ್ದು ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂದು ಅರ್ಧ ಜನರಿಗೆ ಹೇಳಿದ್ದರು, ಅಳಿಸಿಹೋಗುತ್ತದೆ ಎಂದು ಉಳಿದವರಿಗೆ. ಅಳಿಸಿಹೋಗುತ್ತದೆ ಎಂದು ನಂಬಿದವರು ಹೆಚ್ಚು ನೆನಪಿಟ್ಟುಕೊಂಡರು. ಇನ್ನೊಂದು ಪ್ರಯೋಗದಲ್ಲಂತೂ ಸಂಗತಿಗಿಂತ ಅದನ್ನು ಇಟ್ಟ ಫೋಲ್ಡರಿನ ಹೆಸರೇ ಜನರಿಗೆ ಚೆನ್ನಾಗಿ ನೆನಪಿತ್ತು. ಕಷ್ಟದ ಪ್ರಶ್ನೆ ಬಂದೊಡನೆ ಮನಸ್ಸು ತಾನಾಗಿಯೇ ಕಂಪ್ಯೂಟರಿನ ಕಡೆ ಹೊರಳುತ್ತದೆ ಎಂದೂ ಅದೇ ವರದಿ ಹೇಳಿತ್ತು. ಆ ಭಾಗ ಮಾತ್ರ 2018ರ ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅಂತರ್ಜಾಲ ಮಿದುಳನ್ನೇ ಕೆಡಿಸಿತು ಎಂಬ ತಲೆಬರಹಗಳನ್ನು ಓದುವಾಗ ಇಂಥ ವಿವರ ಗಮನದಲ್ಲಿರಬೇಕು.

ನೆನಪಿನ ಹೊರೆಯನ್ನು ಹಂಚಿಕೊಳ್ಳುವುದು ಹೊಸತೇನಲ್ಲ. ಒಂದು ಮನೆಯಲ್ಲಿ ಬಂಧುಬಳಗದ ಮದುವೆ-ಮುಂಜಿಗಳ ವಿವರ ಅಜ್ಜಿಗೆ ಗೊತ್ತು, ಸಾಲ-ಬಡ್ಡಿಯ ಲೆಕ್ಕ ಅಪ್ಪನಿಗೆ ಗೊತ್ತು. ಯಾವುದನ್ನು ಯಾರ ಬಳಿ ಕೇಳಬೇಕು ಎಂಬುದಷ್ಟು ತಿಳಿದಿದ್ದರೆ ಉಳಿದವರಿಗೆ ಸಾಕು. ಸ್ಪ್ಯಾರೋ ಅವರ ಜತೆ ಸಂಶೋಧನೆಯಲ್ಲಿದ್ದ ಡೇನಿಯಲ್ ವೆಗ್ನರ್ ಈ ಹಂಚಿಕೆಯ ನೆನಪನ್ನು 1980ರ ದಶಕದಲ್ಲೇ ವಿವರಿಸಿದ್ದರು. ಆದರೆ ಅಜ್ಜಿಯನ್ನು ಕೇಳಿ ತಿಳಿದವರಿಗೆ ಅದು ಅಜ್ಜಿಯ ತಿಳಿವಳಿಕೆ ಎಂಬ ಅರಿವು ಇರುತ್ತದೆ. ಅಂತರ್ಜಾಲದ ಮುಂದೆ ಈ ಗಡಿ ಮಸುಕಾಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಫಿಷರ್ ಮತ್ತು ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಪ್ ಹೇಗೆ ಕೆಲಸ ಮಾಡುತ್ತದೆ ಎಂಬಂಥ ಪ್ರಶ್ನೆಗಳಿಗೆ ಕೆಲವರು ಅಂತರ್ಜಾಲದಲ್ಲಿ ಉತ್ತರ ಹುಡುಕಿದರು. ಉಳಿದವರಿಗೆ ಹುಡುಕುವ ಅವಕಾಶವಿರಲಿಲ್ಲ. ಆಮೇಲೆ, ಇದಕ್ಕೆ ಸಂಬಂಧವೇ ಇಲ್ಲದ ಬೇರೆ ವಿಷಯಗಳನ್ನು ಎಷ್ಟು ಚೆನ್ನಾಗಿ ವಿವರಿಸಬಲ್ಲಿರಿ ಎಂದು ಎಲ್ಲರನ್ನೂ ಕೇಳಲಾಯಿತು. ಹುಡುಕಿದವರು ತಮಗೆ ತಾವೇ ಹೆಚ್ಚು ಅಂಕ ಕೊಟ್ಟುಕೊಂಡರು. ಹುಡುಕಿ ಉತ್ತರ ಸಿಗದಿದ್ದಾಗಲೂ ಈ ಭ್ರಮೆ ಉಳಿದಿತ್ತು. ಮರೆವಿಗಿಂತ ಇದು ಹೆಚ್ಚು ಚಿಂತೆಗೀಡುಮಾಡುವ ಸಂಗತಿ. ಗೊತ್ತಿಲ್ಲ ಎಂದು ತಿಳಿದವರು ಕಲಿಯಲು ಹೊರಡುತ್ತಾರೆ. ಗೊತ್ತಿದೆ ಎಂದುಕೊಂಡವರಿಗೆ ಆ ಅಗತ್ಯವೇ ತೋರುವುದಿಲ್ಲ.

ಕಲಿಕೆಗೆ ಪೆಟ್ಟು ಬೀಳುವುದೂ ಇಲ್ಲೇ. ಓದಿದ್ದನ್ನು ನೆನಪಿನಿಂದ ಹೊರತೆಗೆಯುವ ಪ್ರಯತ್ನವೇ ಆ ನೆನಪನ್ನು ಗಟ್ಟಿ ಮಾಡುತ್ತದೆ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಇದನ್ನು ಸರಳವಾಗಿ ತೋರಿಸಿಕೊಟ್ಟರು. ಒಂದು ಪಾಠವನ್ನು ಕೆಲವು ವಿದ್ಯಾರ್ಥಿಗಳು ಎರಡು ಸಲ ಓದಿದರು. ಉಳಿದವರು ಒಮ್ಮೆ ಓದಿ, ಪುಟ ಮುಚ್ಚಿ, ನೆನಪಿದ್ದುದನ್ನು ಬರೆದರು. ಐದು ನಿಮಿಷದ ಬಳಿಕ ಎರಡು ಸಲ ಓದಿದವರೇ ಮುಂದಿದ್ದರು. ವಾರದ ಬಳಿಕ ಫಲಿತಾಂಶ ತಿರುಗಿತು: ನೆನಪಿನಿಂದ ಬರೆದವರಲ್ಲಿ ಪಾಠದ ಶೇ 56ರಷ್ಟು ಉಳಿದಿತ್ತು, ಮತ್ತೆ ಓದಿದವರಲ್ಲಿ ಶೇ 42ರಷ್ಟು. ಮಗ್ಗಿಯನ್ನು ನೋಡದೆ ಒಪ್ಪಿಸುವ ಹಳೆಯ ಶಾಲೆಗಳ ರೂಢಿಯಲ್ಲಿ ಈ ತಿರುಳು ಇತ್ತು, ಅರ್ಥ ತಿಳಿಯದ ಬಾಯಿಪಾಠದ ದೋಷಗಳು ಏನೇ ಇರಲಿ. ಪ್ರಶ್ನೆ ಹುಟ್ಟಿದ ಕ್ಷಣದಲ್ಲೇ ಫೋನಿಗೆ ಕೈಹಾಕುವ ವಿದ್ಯಾರ್ಥಿಗೆ ಉತ್ತರವೇನೋ ಸಿಗುತ್ತದೆ. ಆದರೆ ಅದನ್ನು ಉಳಿಸಿಕೊಡಬೇಕಾಗಿದ್ದ ತಡಕಾಟ ತಪ್ಪಿಹೋಗುತ್ತದೆ. ಹುಡುಕುವ ಮುನ್ನ ಅರ್ಧ ನಿಮಿಷ ಯೋಚಿಸಿ, ತಪ್ಪೋ ಸರಿಯೋ ಒಂದು ಉತ್ತರ ಬರೆದುಕೊಂಡು, ಆಮೇಲೆ ಪರದೆ ನೋಡಿದರೆ ಎರಡೂ ದಕ್ಕುತ್ತವೆ.

ಪರದೆಯ ಮೇಲಿನ ಓದಿಗೂ ಸಣ್ಣ ಕೊರತೆಯಿದೆ. 54 ಅಧ್ಯಯನಗಳನ್ನು, 1.7 ಲಕ್ಷಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು ಒಟ್ಟುಗೂಡಿಸಿದ 2018ರ ಸಮೀಕ್ಷೆಯೊಂದರ ಪ್ರಕಾರ, ಮಾಹಿತಿಪ್ರಧಾನ ಬರಹಗಳು ಕಾಗದದಲ್ಲಿ ಓದಿದಾಗ ತುಸು ಚೆನ್ನಾಗಿ ಅರ್ಥವಾಗುತ್ತವೆ. ಸಮಯದ ಒತ್ತಡವಿದ್ದಾಗ ಅಂತರ ಹೆಚ್ಚು. ಕಥೆಗಳ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಅಂತರ್ಜಾಲ ಹೊಸ ಬಗೆಯ ವಿವೇಚನೆಯನ್ನೂ ಬೇಡುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸಕಾರರು, 10 ಸತ್ಯಶೋಧಕ ಪತ್ರಕರ್ತರು, 25 ವಿದ್ಯಾರ್ಥಿಗಳು ಅಪರಿಚಿತ ಜಾಲತಾಣಗಳನ್ನು ಅಳೆಯುವ ಬಗೆಯನ್ನು ಗಮನಿಸಿದರು. ಪಾಂಡಿತ್ಯವಿದ್ದೂ ಇತಿಹಾಸಕಾರರಲ್ಲಿ ಹಲವರು ಅಂದದ ಲಾಂಛನ, ಗಂಭೀರ ಭಾಷೆಗಳಿಗೆ ಮೋಸಹೋದರು. ಅವರು ಅದೇ ಪುಟವನ್ನು ಮೇಲಿಂದ ಕೆಳಗೆ ಓದುತ್ತಿದ್ದರು. ಪತ್ರಕರ್ತರು ಬೇಗನೆ ಆ ಪುಟ ಬಿಟ್ಟು, ಅದರ ಬಗ್ಗೆ ಬೇರೆಯವರು ಏನು ಬರೆದಿದ್ದಾರೆ ಎಂದು ಹೊಸ ಕಿಟಕಿಗಳಲ್ಲಿ ನೋಡಿದರು; ಕಡಿಮೆ ಹೊತ್ತಿನಲ್ಲಿ ಸರಿಯಾದ ತೀರ್ಮಾನಕ್ಕೆ ಬಂದರು. ಇದು ಕಲಿಸಬಹುದಾದ ವಿದ್ಯೆ, ಶಾಲೆಗಳಲ್ಲಿ ಕಲಿಸಲೇಬೇಕಾದ ವಿದ್ಯೆ.

ಹೀಗೆ ತಾಳೆ ನೋಡಲು ಒಂದೇ ವಿಷಯದ ಮೇಲೆ ಹಲವು ಬರಹಗಳು ಇರಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಲೇಖನಗಳನ್ನು ಇನ್ನೂ ಸಾವಿರಗಳ ಲೆಕ್ಕದಲ್ಲೇ ಎಣಿಸಬೇಕು. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ವಿಜ್ಞಾನದ ಎಷ್ಟೋ ವಿಷಯಗಳಲ್ಲಿ ಸಿಗುವುದು ಒಂದೇ ಪುಟ, ಇಲ್ಲವೇ ಯಂತ್ರಾನುವಾದ. ಮೈಸೂರು ವಿಶ್ವವಿದ್ಯಾಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟದ್ದು ಈ ಕಾರಣಕ್ಕೆ ದೊಡ್ಡ ಉಪಕಾರ: ತಜ್ಞರು ಬರೆದು ತಿದ್ದಿದ ಲೇಖನಗಳನ್ನು ಸ್ವಯಂಸೇವಕರು ಕನ್ನಡ ವಿಕಿಸೋರ್ಸ್‌ಗೆ ಸೇರಿಸುತ್ತ ಬಂದರು, ಹುಡುಕುವವರಿಗೆ ಎರಡನೆಯ ಪುಟವೊಂದು ಸಿಗತೊಡಗಿತು.