ಚೇಂಬರ್ ಲೀಕ್: ಬೋಲ್ಟ್ ಬಿಚ್ಚೋ ಮೊದಲು, ಬಿಚ್ಚಿದ ಮೇಲೆ

ಪಾರ್ಕಿಂಗ್ ಜಾಗದಲ್ಲಿ ಕಾರಿನ ಕೆಳಗೆ ಕಪ್ಪು ಕಲೆ ಕಂಡ್ರೆ ಎಲ್ಲರೂ ಹೇಳೋದು ಒಂದೇ ಮಾತು: ‘ಚೇಂಬರ್ ಹೋಗಿದೆ.’ ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಆಯಿಲ್ ಪ್ಯಾನ್ ಅಥವಾ ಸಂಪ್ ಅಂತ ಹೆಸರು, ಗ್ಯಾರೇಜಲ್ಲಿ ಮಾತ್ರ ಯಾವತ್ತೂ ಚೇಂಬರ್. ಎಂಜಿನ್ ತಳಕ್ಕೆ ಬೋಲ್ಟ್ ಹಾಕಿ ಕೂರಿಸಿರೋ ಒಂದು ತೊಟ್ಟಿ ಅಷ್ಟೇ. ಸಣ್ಣ ಕಾರುಗಳಲ್ಲಿ ಸುಮಾರು 3 ಲೀಟರ್ ಆಯಿಲ್ ಇದರಲ್ಲಿ ನಿಂತಿರುತ್ತೆ. ಪಂಪು ಅದನ್ನ ಹೀರಿ ಬೇರಿಂಗ್‌ಗಳಿಗೆ ಕಳಿಸುತ್ತೆ, ಅದು ಮತ್ತೆ ಇಳಿದು ಇಲ್ಲಿಗೇ ಬರುತ್ತೆ.

ಹಾಳಾಗೋಕೆ ಕಾರಣ ಹುಡುಕಬೇಕಿಲ್ಲ. ಎತ್ತರದ ಹಂಪು, ಕಿತ್ತುಹೋದ ರಸ್ತೆಯ ಕಲ್ಲು. ಉಕ್ಕಿನ ತಗಡಿನದಾದ್ರೆ ಏಟಿಗೆ ನೆಗ್ಗುತ್ತೆ, ಕರಾವಳಿ ಕಡೆ ತುಕ್ಕು ಹಿಡಿದು ತೂತೂ ಆಗುತ್ತೆ. ಅಲ್ಯುಮಿನಿಯಂ ಆದ್ರೆ ನೆಗ್ಗೋದಿಲ್ಲ, ಬಿರುಕು ಬಿಡುತ್ತೆ.

ಆದ್ರೆ ಹೊಸ ಚೇಂಬರ್ ತರೋಕೆ ಅಂಗಡಿಗೆ ಓಡಬೇಡಿ. ಎಂಜಿನ್‌ನಲ್ಲಿ ಅತಿ ಕೆಳಗಿರೋ ಭಾಗ ಇದೇ, ಹಾಗಾಗಿ ಮೇಲೆ ಎಲ್ಲೇ ಸೋರಿದ್ರೂ ಆಯಿಲ್ ಇಳಿದು ಬಂದು ಇಲ್ಲೇ ತೊಟ್ಟಿಕ್ಕುತ್ತೆ. ವಾಲ್ವ್ ಕವರ್ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಕ್ರ್ಯಾಂಕ್‌ನ ಹಿಂದಿನ ಸೀಲ್, ಡ್ರೈನ್ ಬೋಲ್ಟಿನ ವಾಷರ್, ಯಾವುದು ಬೇಕಾದ್ರೂ ಆಗಿರಬಹುದು. ಪೂರ್ತಿ ಒರೆಸಿ ಒಣಗಿಸಿ, ಒಂದೆರಡು ಕಿಲೋಮೀಟರ್ ಓಡಿಸಿ, ಟಾರ್ಚ್ ಹಿಡಿದು ನೋಡಿ. ಒದ್ದೆ ಇರೋ ಜಾಗಗಳಲ್ಲಿ ಅತಿ ಮೇಲಿನದು ಯಾವುದೋ ಅದೇ ಕಳ್ಳ. ಎಷ್ಟೋ ಸಲ ಹತ್ತಿಪ್ಪತ್ತು ರೂಪಾಯಿಯ ವಾಷರ್‌ನಲ್ಲೇ ಕೆಲಸ ಮುಗಿದುಹೋಗುತ್ತೆ.

ಇದರ ಉಲ್ಟಾ ಕೇಸೂ ಇದೆ: ನೆಗ್ಗಿದೆ, ಆದ್ರೆ ಒಂದು ಹನಿಯೂ ಸೋರ್ತಿಲ್ಲ. ನನ್ನ ಪ್ರಕಾರ ಇದೇ ಹೆಚ್ಚು ಅಪಾಯ. ಪಂಪಿನ ಜಾಲರಿ ಚೇಂಬರಿನ ತಳಕ್ಕೆ ತೀರಾ ಹತ್ತಿರ ಇರುತ್ತೆ. ತಳ ಒಳಗೆ ನುಗ್ಗಿ ಜಾಲರಿಗೆ ಅಂಟಿಕೊಂಡ್ರೆ ಆಯಿಲ್ ಇದ್ದೂ ಎಂಜಿನ್‌ಗೆ ಸಿಗಲ್ಲ. ಡ್ಯಾಶ್‌ಬೋರ್ಡಲ್ಲಿ ಕೆಂಪು ಆಯಿಲ್ ಲೈಟ್ ಹತ್ತಿದ ಮೇಲೂ ‘ಮನೆ ಇಲ್ಲೇ ಹತ್ರ’ ಅಂತ ಓಡಿಸಿದ್ರೆ ಚೇಂಬರ್ ಖರ್ಚಿನ ಜಾಗಕ್ಕೆ ಎಂಜಿನ್ ಖರ್ಚು ಬರುತ್ತೆ.

ಸರಿ, ಚೇಂಬರೇ ಅಂತ ಖಾತ್ರಿ ಆಯ್ತು. ಮನೆಯಲ್ಲಿ ಆಗುತ್ತಾ? ಕೆಳಗೆ ಮಲಗಿ ನೋಡಿದಾಗ ಎಲ್ಲ ಬೋಲ್ಟ್‌ಗಳಿಗೂ ಸ್ಪ್ಯಾನರ್ ಹೋಗೋ ಹಾಗಿದ್ರೆ ಆಗುತ್ತೆ. ಕೆಲವು ಗಾಡಿಗಳಲ್ಲಿ ಸೈಲೆನ್ಸರ್ ಪೈಪ್ ಅಡ್ಡ ಬರುತ್ತೆ, ಅದನ್ನ ಬಿಚ್ಚಬಹುದು. ಎಂಜಿನ್ನನ್ನೇ ಮೇಲೆತ್ತಬೇಕು ಅನ್ನೋ ಗಾಡಿಯಾದ್ರೆ ಗ್ಯಾರೇಜಿಗೆ ಕಳಿಸಿ.

ಒಂದು ವಿಷಯದಲ್ಲಿ ಮಾತ್ರ ಚೌಕಾಸಿ ಇಲ್ಲ. ಗಾಡಿ ಜೊತೆ ಬರೋ ಜಾಕಿ ಟೈರ್ ಬದಲಾಯಿಸೋಕೆ ಅಷ್ಟೇ, ಅದನ್ನ ನಂಬಿ ಕೆಳಗೆ ನುಗ್ಗಬಾರದು. ಎರಡು ಜಾಕ್ ಸ್ಟ್ಯಾಂಡ್ ಬೇಕೇ ಬೇಕು, ಅದೂ ಗಟ್ಟಿ ಸಿಮೆಂಟ್ ನೆಲದ ಮೇಲೆ. ಸಿಮೆಂಟ್ ಬ್ಲಾಕ್, ಇಟ್ಟಿಗೆ ಇಡಬೇಡಿ, ಅವು ಸೂಚನೆ ಕೊಡದೆ ಪುಡಿ ಆಗ್ತವೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನ ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಮಲಗಿ.

ಎಂಜಿನ್ ಉಗುರುಬೆಚ್ಚಗಿರುವಾಗ ಆಯಿಲ್ ಇಳಿಸಿ. ಬೋಲ್ಟ್ ಬಿಚ್ಚಿದ್ರೂ ಚೇಂಬರ್ ಬೀಳಲ್ಲ, ಹಳೇ ಗಮ್ ಹಿಡಿದುಕೊಂಡಿರುತ್ತೆ. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಬ್ಲಾಕಿನ ಮುಖದ ಮೇಲೆ ಗೀರು ಬಿದ್ರೆ ಅದೇ ಮುಂದಿನ ಲೀಕ್. ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿ, ತೆಳು ಸ್ಕ್ರೇಪರ್‌ನಿಂದ ಗಮ್ ಕತ್ತರಿಸ್ತಾ ಬನ್ನಿ. ಬಿಚ್ಚಿದ ಮೇಲೆ ತಳದ ಕೆಸರಿಗೆ ಬೆರಳಾಡಿಸಿ. ಫಳಫಳ ಲೋಹದ ಚೂರು ಸಿಕ್ಕಿದ್ರೆ ಬೇರಿಂಗ್ ಸವೆಯುತ್ತಿದೆ ಅಂತ ಅರ್ಥ, ಆಗ ಮೆಕ್ಯಾನಿಕ್ ಹತ್ರ ಮಾತಾಡದೆ ಮುಂದುವರಿಯಬೇಡಿ. ಜಾಲರಿಯನ್ನೂ ತೊಳೆದುಬಿಡಿ.

ಬೇಜಾರಿನ ಕೆಲಸ ಈಗ ಶುರು. ಬ್ಲಾಕಿನ ಮುಖದಿಂದ ಹಳೇ ಗಮ್ ಪೂರ್ತಿ ಕೆರೆದು ತೆಗೀಬೇಕು. ನಮ್ಮ ಮನೆ ಕಾರಿನದ್ದು ಮಾಡಿದಾಗ ನನಗೂ ಅಪ್ಪನಿಗೂ ಅರ್ಧ ದಿನ ಇದಕ್ಕೇ ಹೋಯ್ತು, ಹೊಸದು ಕೂರಿಸೋಕೆ ಇಪ್ಪತ್ತು ನಿಮಿಷ. ಮೇಲಿನಿಂದ ಆಯಿಲ್ ಹನಿ ಬೀಳ್ತಾನೇ ಇರುತ್ತೆ, ಎಣ್ಣೆ ಮುಖಕ್ಕೆ ಸಿಲಿಕೋನ್ ಅಂಟಲ್ಲ. ರಾತ್ರಿಯಿಡೀ ಬಸಿಯೋಕೆ ಬಿಟ್ಟು ಬೆಳಿಗ್ಗೆ ಬ್ರೇಕ್ ಕ್ಲೀನರ್‌ನಿಂದ ಒರೆಸೋದು ಒಳ್ಳೇದು. ಪೆಟ್ರೋಲ್ ಬೇಡ, ಬೆಂಕಿ ಹತ್ತಿದ್ರೆ ಗಾಡಿ ಕೆಳಗಿನಿಂದ ಎದ್ದು ಓಡೋಕಾಗಲ್ಲ.

ಕೆಲವು ಎಂಜಿನ್‌ಗೆ ಪ್ಯಾಕಿಂಗ್ ಬರುತ್ತೆ, ಕೆಲವಕ್ಕೆ ಬರೀ ಸಿಲಿಕೋನ್. ಸಿಲಿಕೋನ್ ಆದ್ರೆ 3 ಎಂಎಂ ದಪ್ಪದ ಒಂದೇ ಗೆರೆ, ಬೋಲ್ಟ್ ತೂತುಗಳ ಒಳಬದಿಯಿಂದ. ‘ಇರಲಿ’ ಅಂತ ಜಾಸ್ತಿ ಹಾಕಿದ್ರೆ ಅದು ಒಳಗೆ ಹಿಂಡಿಕೊಂಡು, ಮುರಿದು, ಜಾಲರಿಗೆ ಹೋಗಿ ಕೂರುತ್ತೆ.

ಈಗ ಬೋಲ್ಟ್. ಸ್ವಲ್ಪ ಲೆಕ್ಕ ಹಾಕೋಣ. ಚೇಂಬರಲ್ಲಿ ಆಯಿಲ್ 10 ಸೆಂಟಿಮೀಟರ್ ನಿಂತಿದೆ ಅಂದ್ಕೊಂಡ್ರೆ ತಳದಲ್ಲಿ ಒತ್ತಡ 1 ಕಿಲೋಪ್ಯಾಸ್ಕಲ್ ಕೂಡ ಇಲ್ಲ, ವಾತಾವರಣದ ಒತ್ತಡದ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. 3 ಲೀಟರ್ ಆಯಿಲ್‌ನ ತೂಕ ಎರಡೂವರೆ ಕೆಜಿ ಆಸುಪಾಸು. ಇನ್ನು ಎಂ6 ಬೋಲ್ಟನ್ನ 10 ನ್ಯೂಟನ್ ಮೀಟರ್‌ಗೆ ಬಿಗಿದ್ರೆ, ಘರ್ಷಣೆಯ ಗುಣಾಂಕ ಸೇರಿಸಿ 0.2 ಹಿಡಿದುಕೊಂಡ್ರೆ, ಒಂದೊಂದು ಬೋಲ್ಟೂ ಸುಮಾರು 8,000 ನ್ಯೂಟನ್‌ನಲ್ಲಿ ಒತ್ತುತ್ತೆ, ಹತ್ತಿರ ಹತ್ತಿರ 800 ಕೆಜಿ ತೂಕ ಇಟ್ಟ ಹಾಗೆ! ಅಂದ್ರೆ ಶಕ್ತಿಯ ಕೊರತೆ ಇಲ್ಲವೇ ಇಲ್ಲ. ಬೇಕಿರೋದು ಎಲ್ಲ ಕಡೆ ಸಮನಾದ ಒತ್ತಡ. ‘ಇನ್ನೊಂದು ಸುತ್ತು ಟೈಟ್ ಮಾಡು’ ಅಂದಾಗ ತಗಡಿನ ಅಂಚು ಬೋಲ್ಟ್ ಹತ್ರ ಗುಳಿ ಬಿದ್ದು, ಎರಡು ಬೋಲ್ಟ್ ಮಧ್ಯೆ ಬಾಯಿ ಬಿಡುತ್ತೆ. ಹೊಸ ಚೇಂಬರ್ ಹಾಕಿದ ವಾರಕ್ಕೇ ಮತ್ತೆ ಸೋರೋದು ಹೆಚ್ಚಾಗಿ ಹೀಗೇ. ಮ್ಯಾನ್ಯುಅಲ್‌ನಲ್ಲಿ ಇರೋ ಟಾರ್ಕನ್ನ ಎರಡು ಸುತ್ತಿನಲ್ಲಿ, ನಡುವಿನಿಂದ ಹೊರಕ್ಕೆ, ಎದುರುಬದುರಾಗಿ ಕೊಡಿ. ಟಾರ್ಕ್ ವ್ರೆಂಚ್ ಬಾಡಿಗೆಗೆ, ಕಡ ಹೇಗಾದ್ರೂ ತನ್ನಿ, ಕೈ ಅಂದಾಜು ಇಲ್ಲಿ ಮೋಸ ಮಾಡುತ್ತೆ.

ಸರಿಯಾಗಿ ಹಾಕಿದ್ರೂ ಸೋರಿದ್ರೆ ಪಿಸಿವಿ ವಾಲ್ವ್ ನೋಡಿ. ಅದು ಕಟ್ಟಿಕೊಂಡ್ರೆ ಕ್ರ್ಯಾಂಕ್‌ಕೇಸ್ ಒಳಗೆ ಗಾಳಿಯ ಒತ್ತಡ ಏರಿ, ಯಾವ ಸೀಲ್ ದುರ್ಬಲವೋ ಅಲ್ಲಿಂದ ಆಯಿಲ್ ಹೊರಗೆ ತಳ್ಳುತ್ತೆ.

ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಒಣಗೋಕೆ ಬಿಡಿ. ಆಮೇಲೆ ಹೊಸ ವಾಷರ್, ಹೊಸ ಫಿಲ್ಟರ್, ಹೊಸ ಆಯಿಲ್. ಸ್ಟಾರ್ಟ್ ಮಾಡಿದಾಗ ಕೆಂಪು ಲೈಟ್ ಕೆಲವೇ ಸೆಕೆಂಡಲ್ಲಿ ಆರಬೇಕು, ಆರದಿದ್ರೆ ತಕ್ಷಣ ಆಫ್ ಮಾಡಿ. ಹಳೇ ಆಯಿಲ್ ಚರಂಡಿಗೆ ಸುರಿಯೋ ಹಾಗಿಲ್ಲ, 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕ್ಯಾನಿಗೆ ತುಂಬಿ, ಹಳೇ ಆಯಿಲ್ ಸಂಗ್ರಹಿಸೋ ಗ್ಯಾರೇಜಿಗೆ ಕೊಟ್ಟುಬನ್ನಿ.