ಅಜ್ಜಂದಿರು ಕಾಣದ ಸರೋವರ

ಐಸ್‌ಲ್ಯಾಂಡಿನ ಪ್ರವಾಸಿ ಚಿತ್ರಗಳಲ್ಲಿ ತಪ್ಪದೇ ಕಾಣುವ ದೃಶ್ಯವೊಂದಿದೆ. ತಿಳಿನೀಲಿ ನೀರು, ಅದರ ಮೇಲೆ ನಿಧಾನವಾಗಿ ತೇಲುವ ಹಿಮಬಂಡೆಗಳು, ಹಿನ್ನೆಲೆಯಲ್ಲಿ ಬೆಟ್ಟದಿಂದ ಇಳಿದುಬಂದ ಬೆಳ್ಳನೆಯ ಹಿಮನದಿ. ಸೃಷ್ಟಿಯಾದಂದಿನಿಂದ ಇದು ಹೀಗೆಯೇ ಇದ್ದಿರಬೇಕು ಎಂದು ನೋಡಿದವರಿಗೆ ಅನಿಸುವುದು ಸಹಜ. ಆದರೆ ಯೋಕುಲ್ಸೌರ್ಲೋನ್ ಎಂಬ ಈ ಸರೋವರಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ಅದು ರೂಪುಗೊಳ್ಳತೊಡಗಿದ್ದು 1934-35ರ ಸುಮಾರಿಗೆ. ಅಲ್ಲಿಗೆ ಹೋಗುವ ಯೋಜನೆ ಹಾಕುವವರು ಮೊದಲು ತಿಳಿಯಬೇಕಾದ ಸಂಗತಿ ಇದು.

ಐಸ್‌ಲ್ಯಾಂಡಿನ ಭಾಷೆಯಲ್ಲಿ ‘ಯೋಕುಲ್’ ಎಂದರೆ ಹಿಮನದಿ, ‘ಔ’ ಎಂದರೆ ಹೊಳೆ, ‘ಲೋನ್’ ಎಂದರೆ ಕಡಲಂಚಿನ ಸರೋವರ. ಹಿಮನದಿಯಿಂದ ಹುಟ್ಟಿದ ಹೊಳೆಯ ಸರೋವರ ಎಂಬುದೇ ಹೆಸರಿನ ಅರ್ಥ. ದೇಶದ ಆಗ್ನೇಯ ಭಾಗದಲ್ಲಿರುವ ವಾಟ್ನಾಯೋಕುಲ್ ಎಂಬ ವಿಶಾಲ ಹಿಮರಾಶಿಯಿಂದ ಹಲವು ಹಿಮನದಿಗಳು ಕೆಳಗಿಳಿಯುತ್ತವೆ. ಅವುಗಳಲ್ಲಿ ಒಂದಾದ ಬ್ರೇದಾಮೆರ್ಕುರ್‌ಯೋಕುಲ್‌ನ ಅಂಚಿನಲ್ಲಿದೆ ಈ ಸರೋವರ.

ಹಿಮ ನುಂಗಿದ ಮನೆಗಳು

ಒಂಬತ್ತನೆಯ ಶತಮಾನದ ಕೊನೆಯಲ್ಲಿ ಜನ ಐಸ್‌ಲ್ಯಾಂಡಿಗೆ ಬಂದು ನೆಲೆಸಿದಾಗ ಹಿಮನದಿಯ ಅಂಚು ಕಡಲಿನಿಂದ ಬಹಳ ಒಳಗಿತ್ತು. ಈಗ ಬರಿಯ ಮರಳು, ಜಲ್ಲಿಕಲ್ಲು ಕಾಣುವ ಬಯಲಿನಲ್ಲಿ ಹುಲ್ಲುಗಾವಲುಗಳಿದ್ದವು, ಒಕ್ಕಲು ಮನೆಗಳಿದ್ದವು. ಹದಿಮೂರನೆಯ ಶತಮಾನದ ‘ನ್ಯಾಲ್‌ನ ಸಾಗಾ’ ಎಂಬ ಪ್ರಸಿದ್ಧ ಕಥನದ ವೀರ ಕೌರಿ ಕೆಲಕಾಲ ವಾಸವಾಗಿದ್ದನೆಂದು ಹೇಳುವ ಬ್ರೇದೌ ಎಂಬ ಮನೆಯೂ ಇಲ್ಲಿಯದೇ.

ಅನಂತರ ಚಳಿಯ ಶತಮಾನಗಳು ಬಂದವು. ‘ಕಿರು ಹಿಮಯುಗ’ ಎಂದು ವಿಜ್ಞಾನಿಗಳು ಕರೆಯುವ ಆ ಕಾಲದಲ್ಲಿ ಹಿಮನದಿ ಮುಂದೆ ಮುಂದೆ ಬಂತು. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಬ್ರೇದೌ ಪಾಳುಬಿದ್ದಿತ್ತು. ಅದರ ನೆಲವನ್ನು ಮುಂದೆ ಹಿಮವೇ ಆವರಿಸಿತು. 1890ರ ಸುಮಾರಿಗೆ ಹಿಮದ ಅಂಚಿಗೂ ಕಡಲಿಗೂ ನಡುವೆ ಉಳಿದದ್ದು ಹೆಚ್ಚೆಂದರೆ ಒಂದು ಕಿಲೋಮೀಟರ್ ನೆಲ. ಅಲ್ಲಿ ಸರೋವರವಿರಲಿಲ್ಲ. ಹಿಮದಡಿಯಿಂದ ಭೋರ್ಗರೆದು ಬಂದು ನೇರವಾಗಿ ಕಡಲು ಸೇರುವ ಗಿಡ್ಡ ಹೊಳೆಯೊಂದಿತ್ತು. ದಾರಿಹೋಕರು ಕುದುರೆಯ ಮೇಲೆ ಅದನ್ನು ದಾಟಬೇಕಿತ್ತು. ದಾಟಲಾಗದಷ್ಟು ನೀರು ಬಂದಾಗ ಬಿರುಕುಗಳನ್ನು ತಪ್ಪಿಸುತ್ತ ಹಿಮನದಿಯ ಮೇಲೆಯೇ ಸುತ್ತುಹಾಕಬೇಕಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಹವೆ ಬೆಚ್ಚಗಾಗುತ್ತ ಹಿಮನದಿ ಹಿಂದೆ ಸರಿಯಿತು. ಮುನ್ನುಗ್ಗುವಾಗ ಅದು ನೆಲವನ್ನು ಕಡಲಮಟ್ಟಕ್ಕಿಂತ ಬಹು ಆಳಕ್ಕೆ ಕೊರೆದಿತ್ತು. ಆ ಹಳ್ಳದಲ್ಲಿ ನೀರು ನಿಂತಿತು. ಇಂದು ಇದರ ಆಳ ಸುಮಾರು 248 ಮೀಟರ್. ಐಸ್‌ಲ್ಯಾಂಡಿನಲ್ಲಿ ಇದಕ್ಕಿಂತ ಆಳದ ಸರೋವರವಿಲ್ಲ. ಕೊರೆದ ಕಂದಕ ಹಿಮದಡಿಯಲ್ಲಿ ಇನ್ನೂ ಬಹುದೂರ ಒಳಕ್ಕೆ ಚಾಚಿದೆ. ಆದ್ದರಿಂದ ಹಿಮನದಿ ಹಿಂಜರಿದಷ್ಟೂ ಸರೋವರ ಬೆಳೆಯುತ್ತದೆ.

ದಾರಿ, ಋತು, ಉಬ್ಬರವಿಳಿತ

ಹೊಳೆಗೆ ಸೇತುವೆಯಾದದ್ದು 1967ರಲ್ಲಿ. ಪಶ್ಚಿಮದ ಸ್ಕೇದಾರೌ ಮರಳುಬಯಲಿನ ಸೇತುವೆಗಳು 1974ರಲ್ಲಿ ಮುಗಿದ ಮೇಲೆ ದೇಶವನ್ನು ಬಳಸುವ ವರ್ತುಲ ರಸ್ತೆ ಪೂರ್ಣಗೊಂಡಿತು. ಅಲ್ಲಿಯವರೆಗೆ ರಾಜಧಾನಿ ರೇಕ್ಯಾವಿಕ್‌ನಿಂದ ದಕ್ಷಿಣ ತೀರದ ಮೂಲಕ ಇಲ್ಲಿಗೆ ನೇರ ದಾರಿಯೇ ಇರಲಿಲ್ಲ.

ಈಗ ಅದು 370 ಕಿಲೋಮೀಟರಿಗೂ ಹೆಚ್ಚಿನ ಪ್ರಯಾಣ. ಎಲ್ಲೂ ನಿಲ್ಲದಿದ್ದರೂ ಐದು ಗಂಟೆ ಹಿಡಿಯುತ್ತದೆ. ಒಂದೇ ದಿನದಲ್ಲಿ ಹೋಗಿಬರುವ ಹಟ ಬೇಡ. ಡಿಸೆಂಬರಿನಲ್ಲಿ ಹಗಲು ನಾಲ್ಕೈದು ಗಂಟೆ ಮಾತ್ರ. ಪೂರ್ವಕ್ಕೆ ಸುಮಾರು 80 ಕಿಲೋಮೀಟರ್ ದೂರದ ಹೊಪ್ನ್ ಎಂಬ ಮೀನುಗಾರರ ಪಟ್ಟಣದಲ್ಲಿ ತಂಗುವುದು ಮೇಲು. ಆ ದಾರಿಯಲ್ಲೇ ಹಾಲಿ ಎಂಬಲ್ಲಿ ಲೇಖಕ ಥೋರ್‌ಬೆರ್ಗುರ್ ಥೋರ್ದಾರ್ಸನ್ ಹುಟ್ಟಿ ಬೆಳೆದರು. ಅವರ ಹೆಸರಿನ ವಸ್ತುಸಂಗ್ರಹಾಲಯ ಅಲ್ಲಿದೆ. ಅದರ ಹೊರಗೋಡೆಯನ್ನು ಸಾಲಾಗಿ ಜೋಡಿಸಿಟ್ಟ ಪುಸ್ತಕಗಳಂತೆ ಕಟ್ಟಲಾಗಿದೆ. ಹಿಮದ ನೆರಳಿನಲ್ಲಿ ಬಾಳಿದ ಜನರ ಕಥೆ ತಿಳಿಯಬಯಸುವವರು ಅಲ್ಲಿ ಇಳಿಯದೆ ಮುಂದೆ ಹೋಗಬಾರದು.

ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ದೋಣಿವಿಹಾರ ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ನೆಲದ ಮೇಲೂ ನೀರಿನಲ್ಲೂ ಸಾಗುವ ವಾಹನಗಳು ಹಿಮಬಂಡೆಗಳ ನಡುವೆ ಕೊಂಡೊಯ್ಯುತ್ತವೆ. ಬೇಸಿಗೆಯಲ್ಲಿ ಉದ್ದರೆಕ್ಕೆಯ ಟರ್ನ್ ಹಕ್ಕಿಗಳು ಮರಿಮಾಡುತ್ತವೆ. ಗೂಡಿನ ಹತ್ತಿರ ಹೋದವರ ತಲೆಗೇ ಕುಕ್ಕುತ್ತವೆ. ಉತ್ತರಧ್ರುವದ ಬೆಳಕು ಕಾಣಬೇಕಾದರೆ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ಕತ್ತಲ ರಾತ್ರಿಗಳೇ ಆಗಬೇಕು.

ಹೊರಡುವ ಮುನ್ನ ಉಬ್ಬರವಿಳಿತದ ವೇಳೆಯನ್ನೂ ನೋಡಿಕೊಳ್ಳುವುದು ಒಳಿತು. ಉಬ್ಬರದಲ್ಲಿ ಕಡಲ ನೀರು ಹೊಳೆಯ ಮೂಲಕ ಸರೋವರದೊಳಕ್ಕೆ ನುಗ್ಗುತ್ತದೆ. ಅದರ ಜೊತೆ ಮೀನು ಬರುತ್ತವೆ, ಮೀನಿನ ಹಿಂದೆ ಸೀಲ್‌ಗಳು ಬರುತ್ತವೆ. ಇಳಿತದಲ್ಲಿ ಹಿಮದ ತುಂಡುಗಳು ಕಡಲಿಗೆ ಹೋಗಿ, ಅಲೆಯ ಹೊಡೆತಕ್ಕೆ ಮತ್ತೆ ಕಪ್ಪು ಮರಳಿನ ಮೇಲೆ ಬಂದು ಬೀಳುತ್ತವೆ. ‘ವಜ್ರದ ಕಡಲತೀರ’ ಎಂದು ಪ್ರವಾಸಿಗರು ಕರೆಯುವುದು ಇದನ್ನೇ.

ಹಿಮದ ಬಣ್ಣಕ್ಕೂ ಕಾರಣವಿದೆ. ಗಾಳಿಯ ಗುಳ್ಳೆಗಳು ತುಂಬಿದ ಹಿಮ ಬೆಳ್ಳಗೆ ಕಾಣುತ್ತದೆ. ಶತಮಾನಗಳ ಭಾರಕ್ಕೆ ಒತ್ತಿ ಗಟ್ಟಿಯಾದ ಹಿಮ ಬೆಳಕಿನ ಕೆಂಪು ಭಾಗವನ್ನು ಹೀರಿ ನೀಲಿಯನ್ನು ಉಳಿಸುತ್ತದೆ. ನಡುವೆ ಕಾಣುವ ಕಪ್ಪು ಪಟ್ಟಿಗಳು ಹಳೆಯ ಜ್ವಾಲಾಮುಖಿಗಳ ಬೂದಿ.

ಸೌಂದರ್ಯದ ಬೆನ್ನಿಗೆ ಅಪಾಯ

ಹಿಮಬಂಡೆಯ ಹತ್ತರಲ್ಲಿ ಒಂಬತ್ತು ಪಾಲು ನೀರಿನಡಿ ಇರುತ್ತದೆ. ಅಡಿ ಕರಗಿದಾಗ ಅದು ಯಾವ ಸೂಚನೆಯನ್ನೂ ಕೊಡದೆ ಮಗುಚಿಕೊಳ್ಳುತ್ತದೆ. ಛಾಯಾಚಿತ್ರದ ಆಸೆಗೆ ಅದರ ಮೇಲೆ ಕಾಲಿಡುವುದು ಪ್ರಾಣಕ್ಕೇ ಕುತ್ತು. ಆ ನೀರಿನ ಚಳಿ ಈಜು ಬಲ್ಲವರನ್ನೂ ಕೆಲವೇ ನಿಮಿಷಗಳಲ್ಲಿ ನಿಷ್ಕ್ರಿಯಗೊಳಿಸಬಲ್ಲದು. 2024ರ ಆಗಸ್ಟ್‌ನಲ್ಲಿ ಇದೇ ಹಿಮನದಿಯಲ್ಲಿ ಮಾರ್ಗದರ್ಶಕರೊಡನೆ ಹೋದ ತಂಡದ ಮೇಲೆ ಹಿಮ ಕುಸಿದು ಪ್ರವಾಸಿಗರೊಬ್ಬರು ಸತ್ತರು. ಹಿಮಗುಹೆಗಳಿಗೆ ಚಳಿಗಾಲವೇ ತಕ್ಕ ಕಾಲ, ಆಗಲೂ ಬಲ್ಲ ಮಾರ್ಗದರ್ಶಕರಿಲ್ಲದೆ ಹೋಗಬಾರದು. ಬಿರುಗಾಳಿಯ ಮುನ್ಸೂಚನೆ ಇದ್ದರೆ ಪ್ರಯಾಣವನ್ನೇ ಮುಂದಕ್ಕೆ ಹಾಕುವುದು ಜಾಣತನ. ಬಯಲಿನ ಮರಳು ಕಾರಿನ ಗಾಜನ್ನು ಉಜ್ಜಿ ಹಾಳುಮಾಡುತ್ತದೆ.

ಸರೋವರ 2017ರಲ್ಲಿ ವಾಟ್ನಾಯೋಕುಲ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. 2019ರಲ್ಲಿ ಆ ಉದ್ಯಾನ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ನೆಲವನ್ನು ಕಾಯ್ದಂತೆ ಹಿಮವನ್ನು ಬೇಲಿ ಹಾಕಿ ಕಾಯಲಾಗದು. ಪ್ರವಾಸಿಗರು ಮೆಚ್ಚುವ ಒಂದೊಂದು ಬಂಡೆಯೂ ಹಿಮನದಿ ಕಳೆದುಕೊಂಡ ತುಂಡು. ಅವರು ಅಲ್ಲಿಗೆ ತಲುಪಲು ಹತ್ತುವ ವಿಮಾನ ಉಗುಳುವ ಹೊಗೆಗೂ ಆ ನಷ್ಟದಲ್ಲಿ ಪಾಲಿದೆ. ಅದಕ್ಕಾಗಿ ಯಾರೂ ಹೋಗಲೇಬಾರದು ಎನ್ನಲಾಗದು. ಆದರೆ ಹೋಗುವವರು ಅವಸರವಿಲ್ಲದೆ ಎರಡು ದಿನವಾದರೂ ನಿಂತು, ಹಿಮದ ಅಂಚು ಇಂದು ಎಲ್ಲಿದೆ ಎಂದು ಕಣ್ಣಿಟ್ಟು ನೋಡಿ ಬರಬೇಕು. ಮೊಮ್ಮಕ್ಕಳು ಹೋಗುವ ಹೊತ್ತಿಗೆ ಅದು ಅಲ್ಲಿರುವುದಿಲ್ಲ.