ಗಾಂಜಾ ಮತ್ತು ಕಾಲದ ಲೆಕ್ಕ

ಗಾಂಜಾ, ಭಂಗಿ, ಚರಸ್ ಎಂಬ ಹೆಸರುಗಳನ್ನು ಕೇಳದವರು ವಿರಳ. ಮೂರೂ ಒಂದೇ ಗಿಡದಿಂದ ದೊರೆಯುವಂಥವು. ಎಲೆಯನ್ನು ಅರೆದು ಕುಡಿಯುವುದು ಭಂಗಿ. ಹೆಣ್ಣು ಗಿಡದ ಹೂಗೊಂಚಲನ್ನು ಒಣಗಿಸಿ ಸೇದುವುದು ಗಾಂಜಾ. ಗಿಡದಿಂದ ಒಸರುವ ಅಂಟನ್ನು ಬೇರ್ಪಡಿಸಿ ಮಾಡಿದುದು ಚರಸ್. “ಹಿರಿಯರ ಕಾಲದಿಂದಲೂ ಬಂದಿರುವ ಗಿಡವಲ್ಲವೆ, ಇದರಿಂದ ಅಪಾಯವೇನು?” ಎಂದು ಶಿವಾಜಿನಗರ, ಹಲಸೂರುಗಳ ಕಡೆಯ ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಕೇಳಿದವನನ್ನು ಗದರಿಸಿ ಕಳುಹಿಸುವುದು ಸುಲಭ. ಆದರೆ ಅದು ವಿಜ್ಞಾನದ ರೀತಿಯಲ್ಲ. ಈ ವಸ್ತು ದೇಹವನ್ನು ಎಷ್ಟು ಹೊತ್ತಿನಲ್ಲಿ ಹೊಗುತ್ತದೆ, ಎಷ್ಟು ಕಾಲ ಉಳಿಯುತ್ತದೆ, ಯಾವ ವಯಸ್ಸಿನಲ್ಲಿ ಹೆಚ್ಚು ಕೆಡುಕನ್ನುಂಟುಮಾಡುತ್ತದೆ ಎಂಬ ಮೂರು ಲೆಕ್ಕಗಳನ್ನು ನೋಡೋಣ.

ಗಾಂಜಾದ ಅಮಲಿಗೆ ಮುಖ್ಯ ಕಾರಣವಾದ ಅಣುವನ್ನು ೧೯೬೪ರಲ್ಲಿ ಇಸ್ರೇಲಿನ ಗಾವೋನಿ ಮತ್ತು ಮೆಕೌಲಮ್ ಎಂಬ ವಿಜ್ಞಾನಿಗಳು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಟೆಟ್ರಾಹೈಡ್ರೊಕೆನಾಬಿನಾಲ್ ಎಂಬುದು ಅದರ ಹೆಸರು, ಟಿ.ಎಚ್.ಸಿ. ಎಂಬುದು ಸಂಕ್ಷೇಪ. ಮಿದುಳಿನ ನರಕೋಶಗಳ ಮೇಲೆ ಈ ಅಣು ಬಂದು ಕೂರುವ ಗ್ರಾಹಕಗಳಿವೆ. ಆ ಗ್ರಾಹಕಗಳಿಗೆಂದು ದೇಹವೇ ತಯಾರಿಸಿಕೊಳ್ಳುವ ಒಂದು ವಸ್ತು ೧೯೯೨ರಲ್ಲಿ ಪತ್ತೆಯಾದಾಗ, ಸಂಸ್ಕೃತದ ‘ಆನಂದ’ ಪದವನ್ನೇ ಸೇರಿಸಿ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ದೇಹವು ಇದನ್ನು ಬೇಕಾದೆಡೆ, ಬೇಕಾದಾಗ, ಅತ್ಯಲ್ಪವಾಗಿ ತಯಾರಿಸಿ ಬೇಗನೆ ನಾಶಮಾಡುತ್ತದೆ. ಹೊರಗಿನಿಂದ ಬಂದ ಟಿ.ಎಚ್.ಸಿ. ಯಾದರೋ ಎಲ್ಲ ಗ್ರಾಹಕಗಳಿಗೂ ಒಮ್ಮೆಗೇ ನುಗ್ಗುತ್ತದೆ. ನೆನಪು, ಗಮನ, ಕೈಕಾಲುಗಳ ಹೊಂದಾಣಿಕೆ, ಕಾಲದ ಅರಿವು ಇವೆಲ್ಲವೂ ಏರುಪೇರಾಗುತ್ತವೆ. ಹೃದಯದ ಬಡಿತವೂ ಏರುತ್ತದೆ.

ಮೊದಲನೆಯ ಲೆಕ್ಕ ಹೊಗುವ ವೇಗದ್ದು. ಹೊಗೆಯಾಗಿ ಸೇದಿದಾಗ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಕೆಲವೇ ನಿಮಿಷಗಳಲ್ಲಿ ತಲುಪುತ್ತದೆ. ಹೊಗೆಯೊಡನೆ ಟಾರು ಮತ್ತು ಕಾರ್ಬನ್ ಮಾನಾಕ್ಸೈಡು ಸಹ ಒಳಸೇರುತ್ತವೆ. ಗಿಡ ಯಾವುದಾದರೂ ಸುಟ್ಟ ಎಲೆಯ ಹೊಗೆ ಹೊಗೆಯೇ. ತಿಂದಾಗ ಅಥವಾ ಕುಡಿದಾಗ ಪರಿಣಾಮ ಕಾಣಿಸಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಹಬ್ಬದ ದಿನ ಭಂಗಿ ಕುಡಿದವನು “ಏನೂ ಆಗಲಿಲ್ಲ” ಎಂದು ಇನ್ನೊಂದು ಲೋಟ ಕುಡಿಯುವುದು ಈ ನಡುವಿನ ಅವಧಿಯಲ್ಲಿಯೇ. ಬಳಿಕ ಎರಡೂ ಒಟ್ಟಿಗೆ ಏರಿದಾಗ ದಿಗಿಲು, ವಾಂತಿ, ಭ್ರಮೆಗಳುಂಟಾಗಿ ಹಲವು ಗಂಟೆಗಳ ಕಾಲ ಇಳಿಯದಿರಬಹುದು.

ಅಮಲಿನಲ್ಲಿ ವಾಹನ ನಡೆಸುವುದರ ಅಪಾಯವನ್ನು ಸರಳ ಗಣಿತದಿಂದ ತಿಳಿಯಬಹುದು. ಹಲಸೂರಿನಿಂದ ಇಂದಿರಾನಗರದ ಅಂಚಿನಲ್ಲಿ ಹಾಯ್ದು ಕೃಷ್ಣರಾಜಪುರಕ್ಕೆ ಹೋಗುವ ಹಳೆಯ ಮದ್ರಾಸು ರಸ್ತೆಯಲ್ಲಿ ಒಬ್ಬನು ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿದ್ದಾನೆಂದು ಇಟ್ಟುಕೊಳ್ಳಿ. ಅದು ಸೆಕೆಂಡಿಗೆ ೧೧ ಮೀಟರು. ಬ್ರೇಕು ಹಿಡಿಯುವ ಕೈ ಅರ್ಧ ಸೆಕೆಂಡು ತಡಮಾಡಿದರೆ ಗಾಡಿ ಐದೂವರೆ ಮೀಟರು ಮುಂದೆ ಹೋಗಿರುತ್ತದೆ. ರಸ್ತೆ ದಾಟುವವನ ಜೀವ ಆ ಐದೂವರೆ ಮೀಟರಿನಲ್ಲಿದೆ. ತಾನು ಸರಿಯಾಗಿಯೇ ಇದ್ದೇನೆಂದು ಸವಾರನಿಗೆ ತೋರುವುದೇ ಇಲ್ಲಿನ ಕೇಡು. ಅಳೆಯಬೇಕಾದ ಮಿದುಳೇ ಅಮಲಿನಲ್ಲಿರುತ್ತದೆ.

ಎರಡನೆಯ ಲೆಕ್ಕ ಉಳಿಯುವ ಕಾಲದ್ದು. ಮದ್ಯಸಾರ ನೀರಿನಲ್ಲಿ ಕರಗುತ್ತದೆ. ದೇಹ ಅದನ್ನು ಒಂದೆರಡು ದಿನಗಳೊಳಗೆ ತೀರಿಸಿಬಿಡುತ್ತದೆ. ಟಿ.ಎಚ್.ಸಿ. ಕರಗುವುದು ಕೊಬ್ಬಿನಲ್ಲಿ. ಅಲ್ಲಿ ಸೇರಿಕೊಂಡು ನಿಧಾನವಾಗಿ ರಕ್ತಕ್ಕೆ ಮರಳುತ್ತದೆ. ವಿಕಿರಣಶೀಲ ವಸ್ತುಗಳ ಅರ್ಧಾಯುವನ್ನು ಓದಿರುವ ವಿದ್ಯಾರ್ಥಿಗಳಿಗೆ ಇದು ಕೂಡಲೆ ಅರ್ಥವಾದೀತು. ನಿತ್ಯ ಸೇವಿಸುವವರಲ್ಲಿ ಟಿ.ಎಚ್.ಸಿ. ಯ ಅರ್ಧಾಯು ಸುಮಾರು ೫ರಿಂದ ೧೩ ದಿನ. ಕಡಿಮೆಯದಾದ ೫ ದಿನಗಳನ್ನೇ ತೆಗೆದುಕೊಂಡು, ದಿನಕ್ಕೊಂದು ಬಾರಿ ಸೇವಿಸುವವನ ಲೆಕ್ಕ ಹಾಕೋಣ. ಪ್ರತಿದಿನ ಹಿಂದಿನ ಶೇಷದ ಶೇಕಡ ೮೭ ಭಾಗ ಉಳಿದು, ಅದರ ಮೇಲೆ ಹೊಸದು ಸೇರುತ್ತದೆ. ಈ ಗುಣೋತ್ತರ ಶ್ರೇಢಿಯನ್ನು ಕೂಡಿದರೆ ದೇಹದಲ್ಲಿ ಕೊನೆಗೆ ಒಂದು ದಿನದ ಪ್ರಮಾಣದ ಏಳು ಪಟ್ಟಿಗಿಂತ ಹೆಚ್ಚು ಶೇಖರವಾಗಿರುತ್ತದೆ. ಇಂದೇ ಬಿಟ್ಟರೂ ೧೫ ದಿನಗಳ ಬಳಿಕ ಎಂಟರಲ್ಲೊಂದು ಭಾಗ, ಅಂದರೆ ಹತ್ತಿರ ಹತ್ತಿರ ಒಂದು ದಿನದ ಪ್ರಮಾಣ, ಉಳಿದೇ ಇರುತ್ತದೆ. ಅದೆಲ್ಲವೂ ಅಮಲೇರಿಸುವುದಿಲ್ಲ, ನಿಜ. ಆದರೆ ಬಾಯಿಯ ವಾಸನೆ ಹೋಯಿತೆಂದರೆ ವಸ್ತುವೂ ಹೋಯಿತೆಂದು ತಿಳಿಯುವುದು ತಪ್ಪು. ಬಿಟ್ಟವರಿಗೆ ನಿದ್ರೆ ಬಾರದಿರುವುದು, ಸಿಡುಕು, ಹಸಿವಿಲ್ಲದಿರುವುದು ಒಂದೆರಡು ವಾರ ಕಾಡಬಹುದು. ಇದು ಕಳೆಯುವ ಕಷ್ಟವೆಂದು ಮೊದಲೇ ತಿಳಿದಿದ್ದರೆ ತಡೆದುಕೊಳ್ಳುವುದು ಸುಲಭ.

ಮೂರನೆಯದು ವಯಸ್ಸಿನ ಲೆಕ್ಕ. ಮಿದುಳಿನ ಬೆಳವಣಿಗೆ ಸುಮಾರು ಇಪ್ಪತ್ತೈದರವರೆಗೂ ನಡೆಯುತ್ತದೆ. ವಿವೇಚನೆಯ ಭಾಗ ಬಲಿಯುವುದು ಕೊನೆಗೆ. ಸೇವಿಸುವವರಲ್ಲಿ ಸುಮಾರು ಹತ್ತರಲ್ಲೊಬ್ಬರು ಚಟಕ್ಕೆ ಬೀಳುತ್ತಾರೆಂದೂ, ಹದಿವಯಸ್ಸಿನಲ್ಲಿ ಆರಂಭಿಸಿದವರಲ್ಲಿ ಅದು ಆರರಲ್ಲೊಬ್ಬರೆಂದೂ ಅಂದಾಜು.

ಇಲ್ಲಿ ಕೆಲವರು ೧೮೯೩–೯೪ರ ಹೆಂಪ್ ಡ್ರಗ್ಸ್ ಕಮಿಷನ್ನಿನ ಮಾತನ್ನು ಎತ್ತುವುದುಂಟು. ಗಾಂಜಾದಿಂದ ಹುಚ್ಚು ಹಿಡಿಯಿತೆಂದು ೧೮೯೨ರಲ್ಲಿ ಹುಚ್ಚಾಸ್ಪತ್ರೆಗಳು ಬರೆದಿಟ್ಟಿದ್ದ ೨೨೨ ಪ್ರಕರಣಗಳನ್ನು ಅದು ಮರುಪರಿಶೀಲಿಸಿ, ೯೮ರಲ್ಲಿ ಮಾತ್ರ ಆ ಕಾರಣವನ್ನು ಒಪ್ಪಿತು. ಮಿತ ಸೇವನೆ ನಿರಪಾಯವೆಂದೂ ಅತಿ ಸೇವನೆ ಹಾನಿಕರವೆಂದೂ ಹೇಳಿತು. ದಾಖಲೆಯನ್ನು ಕಣ್ಣು ಮುಚ್ಚಿ ನಂಬದ ಅದರ ರೀತಿ ಇಂದಿಗೂ ಮೆಚ್ಚತಕ್ಕದ್ದೆ. ಆದರೆ ಬೆಳೆಯುವ ಮಿದುಳಿನ ವಿಚಾರ ಆಗ ತಿಳಿದಿರಲಿಲ್ಲ. ಗಿಡವೂ ಹಾಗೆಯೇ ಉಳಿದಿಲ್ಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾದರಿಗಳಲ್ಲಿ ೧೯೯೫ರಲ್ಲಿ ಶೇಕಡ ೪ ಇದ್ದ ಟಿ.ಎಚ್.ಸಿ. ೨೦೧೪ರ ವೇಳೆಗೆ ಶೇಕಡ ೧೨ ಆಗಿತ್ತು. ಇಂಥ ಪ್ರಬಲ ಗಾಂಜಾವನ್ನು ನಿತ್ಯ ಸೇವಿಸುವವರಲ್ಲಿ ಚಿತ್ತವಿಕಲತೆಯ ಸಂಭವ ಹಲವು ಪಟ್ಟು ಹೆಚ್ಚು. ಮನೆತನದಲ್ಲಿ ಅಂಥ ಕಾಯಿಲೆಯಿದ್ದವರಿಗಂತೂ ಇನ್ನೂ ಅಪಾಯ.

ಯಾರಾದರೂ ಅತಿಯಾಗಿ ಸೇವಿಸಿ ಎಚ್ಚರತಪ್ಪಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಂಟಿಯಾಗಿ ಬಿಡದೆ, ೧೦೮ಕ್ಕೆ ಕರೆಮಾಡಬೇಕು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಾಗಲಿ ಬೇರೆಲ್ಲಿಯಾಗಲಿ, ಸೇವಿಸಿದುದೇನೆಂಬುದನ್ನು ವೈದ್ಯರಿಗೆ ಮರೆಮಾಚಬಾರದು. ಮಗುವೊಂದು ಭಂಗಿ ಬೆರೆತ ತಿನಿಸನ್ನು ತಿಂದಿದ್ದರೆ ಲಕ್ಷಣಗಳಿಗಾಗಿ ಕಾಯಲೇಬಾರದು.

೧೯೮೫ರ ಮಾದಕ ವಸ್ತುಗಳ ಕಾಯಿದೆಯಂತೆ ಸ್ವಲ್ಪ ಗಾಂಜಾ ಬಳಿಯಿದ್ದರೂ ಒಂದು ವರ್ಷದವರೆಗೆ ಸಜೆಯಾಗಬಹುದು. ಅದೇ ಕಾಯಿದೆಯ ೬೪ಎ ವಿಧಿ ಇನ್ನೊಂದು ಬಾಗಿಲನ್ನೂ ತೆರೆದಿದೆ: ಅಲ್ಪ ಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿ ಸ್ವಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪೂರ್ಣ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ಮುಕ್ತನಾಗಬಹುದು. ನಮ್ಮ ಊರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ೧೪೪೪೬ ಎಂಬ ಸಂಖ್ಯೆಗೆ ಕರೆಮಾಡಿದರೆ ವ್ಯಸನಮುಕ್ತಿಯ ಸಲಹೆ ಉಚಿತವಾಗಿ ದೊರೆಯುತ್ತದೆ. ಗೆಳೆಯನೊಬ್ಬನು ಈ ಸುಳಿಗೆ ಸಿಕ್ಕಿದ್ದರೆ ಅವನನ್ನು ದೂರವಿಡುವುದಕ್ಕಿಂತ ಜೊತೆಯಲ್ಲಿ ಅಲ್ಲಿಯವರೆಗೆ ಹೋಗಿಬರುವುದು ಮೇಲು.